ಉಕ್ಕೋ, ಅಲ್ಯೂಮಿನಿಯಮ್ಮೋ? ಆಳಕಡಲಿಗೆ ಇಳಿಯುವವರ ಸಿಲಿಂಡರಿನ ಲೆಕ್ಕ

ಅಧಿಕ ಒತ್ತಡದ ಸಿಲಿಂಡರನ್ನು ಕೊಳ್ಳಲು ಬರುವ ಗ್ರಾಹಕರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ: ಎಷ್ಟು ಅನಿಲ ಹಿಡಿಯುತ್ತದೆ, ಎಷ್ಟು ತೂಗುತ್ತದೆ, ಬೆಲೆ ಎಷ್ಟು. ವೆಲ್ಡಿಂಗ್ ಕಾರ್ಯಾಗಾರಗಳಿಗೂ ಆಸ್ಪತ್ರೆಗಳಿಗೂ ಸರಕು ಒದಗಿಸುವ ವರ್ತಕರಿಗೆ ಈ ಮೂರರ ಉತ್ತರ ತಿಳಿದಿದ್ದರೆ ವ್ಯವಹಾರ ಸಾಗುತ್ತದೆ. ಆದರೆ ಕಡಲಿನ ಆಳಕ್ಕೆ ಇಳಿದು ಅಲ್ಲಿ ಬಹುಕಾಲ ಉಳಿಯುವ ಮುಳುಗುಗಾರರ ವಿಷಯದಲ್ಲಿ ನಾಲ್ಕನೆಯ ಪ್ರಶ್ನೆಯೊಂದಿದ್ದು, ಉಳಿದ ಮೂರಕ್ಕಿಂತ ಅದೇ ಮುಖ್ಯವಾದುದು: ಒಳಗಿನ ಅನಿಲ ಮುಗಿಯುತ್ತ ಬಂದಾಗ ಈ ಸಿಲಿಂಡರು ನೀರಿನಲ್ಲಿ ತೇಲುತ್ತದೆಯೋ, ಮುಳುಗುತ್ತದೆಯೋ? ಉಕ್ಕು ಮತ್ತು ಅಲ್ಯೂಮಿನಿಯಂಗಳ ನಡುವಣ ಆಯ್ಕೆ ನಿಂತಿರುವುದು ಈ ಪ್ರಶ್ನೆಯ ಮೇಲೆ. ಇದನ್ನು ಕೇಳದೆ ಮಾರಿದ ಉತ್ತಮ ದರ್ಜೆಯ ಸಿಲಿಂಡರೂ ಕೊಂಡವನ ಪ್ರಾಣಕ್ಕೆ ಎರವಾಗಬಲ್ಲುದು.

ನಮ್ಮ ನಾಡಿನಲ್ಲಿ ಸ್ಕೂಬಾ ಎಂದೊಡನೆ ನೆನಪಾಗುವುದು ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪ. ಅಲ್ಲಿಗೆ ಬರುವ ಪ್ರವಾಸಿಗರು ತರಬೇತುದಾರರ ಜೊತೆಗೆ ಕೆಲವು ಮೀಟರುಗಳಷ್ಟು ಇಳಿದು, ಬಣ್ಣದ ಮೀನುಗಳನ್ನು ನೋಡಿ, ನೇರವಾಗಿ ಮೇಲೆ ಬರುತ್ತಾರೆ. ಇಂತಹ ಡೈವಿಂಗ್‌ಗೆ ಒಂದೇ ಒಂದು ಅಲ್ಯೂಮಿನಿಯಂ ಸಿಲಿಂಡರು ಧಾರಾಳವಾಗಿ ಸಾಕು. ಲೋಹ ಯಾವುದೆಂಬ ಚರ್ಚೆಗೆ ಅಲ್ಲಿ ಹೆಚ್ಚಿನ ಅರ್ಥವಿಲ್ಲ. ಈ ಲೇಖನದ ವಿಷಯ ಅದಕ್ಕಿಂತ ಭಿನ್ನವಾದ 'ಡಿಕಂಪ್ರೆಷನ್ ಡೈವಿಂಗ್'. ಅದರ ಬಳಕೆದಾರರು ಸಂಖ್ಯೆಯಲ್ಲಿ ಕಡಿಮೆಯಾದರೂ ಅವರು ಕೊಳ್ಳುವ ಸಾಮಗ್ರಿ ಹೆಚ್ಚು. ತಪ್ಪಿಗೆ ತೆರುವ ಬೆಲೆಯೂ ಹೆಚ್ಚು.

ಆಳಕ್ಕೆ ಹೋದಂತೆಲ್ಲ ನೀರಿನ ಒತ್ತಡ ಏರುತ್ತದೆ. ಪ್ರತಿ 10 ಮೀಟರಿಗೆ ಸುಮಾರು ಒಂದು ಬಾರ್. ಅಷ್ಟೇ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕವು ರಕ್ತ ಮಾಂಸಗಳಲ್ಲಿ ಕರಗಿ ಸಂಗ್ರಹವಾಗುತ್ತದೆ. ಆತುರದಿಂದ ಮೇಲೆ ಬಂದರೆ, ಮುಚ್ಚಳ ತೆಗೆದ ಸೋಡಾ ಬಾಟಲಿಯಲ್ಲಿ ಆಗುವಂತೆ ಅದು ಗುಳ್ಳೆಗಳಾಗಿ ಹೊರಬೀಳುತ್ತದೆ. ಗುಳ್ಳೆಗಳು ಕೀಲುಗಳಲ್ಲಿ ಸೇರಿದರೆ ನೋವು. ಬೆನ್ನುಹುರಿಯನ್ನು ತಲುಪಿದರೆ ಪಾರ್ಶ್ವವಾಯು. ಆದುದರಿಂದ ಆಳದಲ್ಲಿ ಹೆಚ್ಚು ಹೊತ್ತು ಇದ್ದವರು ಹಂತಹಂತವಾಗಿ, ನಿಗದಿತ ಆಳಗಳಲ್ಲಿ ನಿಗದಿತ ಕಾಲ ತಂಗಿ ಮೇಲೇರಬೇಕು. 50 ಮೀಟರ್ ಆಳದಲ್ಲಿ 25 ನಿಮಿಷ ಗಾಳಿ ಉಸಿರಾಡಿದವನಿಗೆ ಹೀಗೆ ತಂಗಲು ಅರ್ಧ ಗಂಟೆಗೂ ಮೀರಿ ಬೇಕಾಗುತ್ತದೆ. ಈ ಅವಧಿಯ ಹೆಚ್ಚು ಭಾಗ ಕಳೆಯುವುದು ಕೊನೆಯ 6 ಮೀಟರ್ ಅಥವಾ 3 ಮೀಟರ್ ಆಳದಲ್ಲಿ, ಅದೂ ಬೆನ್ನಿನ ಸಿಲಿಂಡರು ಬಹುತೇಕ ಬರಿದಾದ ವೇಳೆಯಲ್ಲಿ. ಮೇಲಿನ ಬೆಳಕು ಕಣ್ಣಿಗೆ ಕಾಣುತ್ತಿದ್ದರೂ ಅಲ್ಲಿಗೆ ಹೋಗುವಂತಿಲ್ಲ. ಆ ಹೊತ್ತಿನಲ್ಲಿ ಸಿಲಿಂಡರು ಬೆಂಡಿನಂತೆ ಮೇಲಕ್ಕೆ ಎಳೆದರೆ ಅನಾಹುತವಾಗುತ್ತದೆ.

ಹಗುರವೆಂಬ ಭ್ರಮೆ

ಅಲ್ಯೂಮಿನಿಯಂ ಎಂದರೆ ಹಗುರ, ಉಕ್ಕು ಎಂದರೆ ಭಾರ ಎಂಬುದು ಎಲ್ಲರ ತಿಳಿವಳಿಕೆ. ಪಾತ್ರೆ, ಏಣಿ, ಕಿಟಕಿ ಚೌಕಟ್ಟುಗಳ ವ್ಯಾಪಾರದಲ್ಲಿ ಇದು ಸತ್ಯ. ಅಧಿಕ ಒತ್ತಡದ ಸಿಲಿಂಡರಿನಲ್ಲಿ ಅಲ್ಲ. ಅಲ್ಯೂಮಿನಿಯಂ ಮಿಶ್ರಲೋಹವು ಹದಗೊಳಿಸಿದ ಕ್ರೋಮ್-ಮಾಲಿಬ್ಡಿನಂ ಉಕ್ಕಿನಷ್ಟು ಗಟ್ಟಿಯಲ್ಲದ ಕಾರಣ ಅದೇ ಒತ್ತಡವನ್ನು ತಡೆಯಲು ಗೋಡೆಯನ್ನು ಎರಡೂವರೆ, ಮೂರು ಪಟ್ಟು ದಪ್ಪಗೊಳಿಸಬೇಕಾಗುತ್ತದೆ. ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವ '80 ಘನ ಅಡಿ'ಯ ಅಲ್ಯೂಮಿನಿಯಂ ಸಿಲಿಂಡರಿನ ಒಳಗಾತ್ರ 11.1 ಲೀಟರ್, ಕಾರ್ಯ ಒತ್ತಡ 207 ಬಾರ್; ಖಾಲಿ ತೂಕ ಸುಮಾರು 14.2 ಕಿಲೋಗ್ರಾಂ. ಯುರೋಪಿನಲ್ಲಿ ಸಾಮಾನ್ಯವಾದ 12 ಲೀಟರ್, 232 ಬಾರ್ ಉಕ್ಕಿನ ಸಿಲಿಂಡರು ತೂಗುವುದು 14ರಿಂದ 15 ಕಿಲೋ. ಅಂದರೆ ತಕ್ಕಡಿಯಲ್ಲಿ ಎರಡೂ ಒಂದೇ. ಹಿಡಿಸುವ ಗಾಳಿಯಲ್ಲಿ ಉಕ್ಕಿನದೇ ಮೇಲುಗೈ. (80 ಘನ ಅಡಿ ಎಂಬುದೂ ವ್ಯಾಪಾರದ ದುಂಡು ಸಂಖ್ಯೆ. ಆ ಸಿಲಿಂಡರು ವಾಸ್ತವವಾಗಿ ಹಿಡಿಸುವುದು 77 ಘನ ಅಡಿ ಚಿಲ್ಲರೆ.)

ವ್ಯತ್ಯಾಸ ಕಾಣುವುದು ನೀರಿನಲ್ಲಿ. ಇದರ ಲೆಕ್ಕವನ್ನು ಯಾವ ಕಾರ್ಯಾಗಾರದಲ್ಲಿ ಬೇಕಾದರೂ ಕಾಗದದ ಮೇಲೆ ಮಾಡಿ ನೋಡಬಹುದು. ಅಲ್ಯೂಮಿನಿಯಮ್ಮಿನ ಸಾಂದ್ರತೆ ಲೀಟರಿಗೆ 2.7 ಕಿಲೋ. 14.2 ಕಿಲೋ ಲೋಹ ಆಕ್ರಮಿಸುವ ಜಾಗ 5.3 ಲೀಟರ್. ಒಳಗಿನ ಪೊಳ್ಳು 11.1 ಲೀಟರ್ ಸೇರಿಸಿದರೆ ಸಿಲಿಂಡರು ಒಟ್ಟು 16.4 ಲೀಟರ್ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಸಮುದ್ರದ ನೀರು ಲೀಟರಿಗೆ 1.025 ಕಿಲೋ ತೂಗುವುದರಿಂದ ಮೇಲ್ಮುಖ ಬಲ 16.8 ಕಿಲೋ. ಸಿಲಿಂಡರಿನ ತೂಕವನ್ನೂ ಹಿತ್ತಾಳೆಯ ವಾಲ್ವಿನ ತೂಕವನ್ನೂ ಕಳೆದರೆ ಸುಮಾರು 2 ಕಿಲೋ ಉಳಿಯುತ್ತದೆ. ಖಾಲಿ ಅಲ್ಯೂಮಿನಿಯಂ ಸಿಲಿಂಡರು ಇಷ್ಟು ಬಲದಿಂದ ಮೇಲಕ್ಕೆ ತೇಲುತ್ತದೆ. ಉಕ್ಕಿನ ಸಾಂದ್ರತೆ 7.85. 14.5 ಕಿಲೋ ಉಕ್ಕಿಗೆ ಬೇಕಾದ ಜಾಗ ಕೇವಲ 1.85 ಲೀಟರ್, 12 ಲೀಟರ್ ಪೊಳ್ಳು ಸೇರಿ 13.85 ಲೀಟರ್, ಸರಿಸಿದ ನೀರಿನ ತೂಕ 14.2 ಕಿಲೋ. ವಾಲ್ವು ಸೇರಿಸಿದರೆ ಖಾಲಿ ಉಕ್ಕಿನ ಸಿಲಿಂಡರು ಸುಮಾರು ಒಂದು ಕಿಲೋ ಭಾರದಿಂದ ಕೆಳಕ್ಕೆ ಇಳಿಯುತ್ತದೆ.

ಗಾಳಿಗೂ ತೂಕವುಂಟು ಎಂಬುದನ್ನು ಅಂಗಡಿಯಲ್ಲಿ ಕುಳಿತವರು ಮರೆಯುವುದು ಸಹಜ. ತುಂಬಿದ ಅಲ್ಯೂಮಿನಿಯಂ ಸಿಲಿಂಡರಿನೊಳಗೆ 2.7 ಕಿಲೋ ಗಾಳಿ ಇರುತ್ತದೆ. 12 ಲೀಟರ್ ಉಕ್ಕಿನೊಳಗೆ 3.2 ಕಿಲೋ. ಇದನ್ನು ಸೇರಿಸಿದರೆ ತುಂಬಿದ ಅಲ್ಯೂಮಿನಿಯಂ ನೀರಿನಲ್ಲಿ 0.7 ಕಿಲೋ ಕೆಳಗೆಳೆದರೆ, ತುಂಬಿದ ಉಕ್ಕು 4.2 ಕಿಲೋ ಎಳೆಯುತ್ತದೆ. ಡಿಕಂಪ್ರೆಷನ್ ಡೈವಿಂಗ್ ಮಾಡುವವರು ಬೆನ್ನಿಗೆ ಕಟ್ಟುವುದು ಒಂದನ್ನಲ್ಲ, ಜೋಡಿಯನ್ನು. ಆದುದರಿಂದ ಅಲ್ಯೂಮಿನಿಯಂ ಜೋಡಿಯು ತುಂಬಿದಾಗ 1.4 ಕಿಲೋ ಭಾರ, ಬರಿದಾದಾಗ 4 ಕಿಲೋ ತೇಲು. ಉಕ್ಕಿನ ಜೋಡಿಯು ತುಂಬಿದಾಗ 8.4 ಕಿಲೋ ಭಾರ, ಬರಿದಾದಾಗಲೂ 2 ಕಿಲೋ ಭಾರ. ತಯಾರಕರ ಮಾದರಿಗಳಿಗೆ ಅನುಗುಣವಾಗಿ ಅಂಕಿಗಳು ಅರ್ಧ ಕಿಲೋ ಆಚೀಚೆ ಆಗಬಹುದು, ಚಿತ್ರ ಬದಲಾಗದು.

ಎರಡು ಹಡಗುಗಳು, ಎರಡು ಉತ್ತರ

ಹಾಗಾದರೆ ಬರಿದಾದಾಗಲೂ ತೇಲದ ಉಕ್ಕೇ ಉತ್ತಮವಲ್ಲವೆ? ಈ ಪ್ರಶ್ನೆಗೆ ಉತ್ತರ ನೀರಿನ ಉಷ್ಣತೆಯಲ್ಲಿದೆ.

ಇಟಲಿಯ ಪ್ರಯಾಣಿಕ ಹಡಗು ಆಂಡ್ರಿಯಾ ಡೋರಿಯಾ 1956ರ ಜುಲೈ 25ರ ರಾತ್ರಿ ಅಮೆರಿಕದ ನಾಂಟುಕೆಟ್ ದ್ವೀಪದ ಹೊರಗಡಲಿನಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ಹಡಗಿಗೆ ಡಿಕ್ಕಿಯಾಗಿ ಮರುದಿನ ಬೆಳಿಗ್ಗೆ ಮುಳುಗಿತು. ಸುಮಾರು 73 ಮೀಟರ್ ಆಳದಲ್ಲಿ ಮಲಗಿರುವ ಅದರ ಬಳಿಗೆ ಹೋಗುವವರಿಗೆ ಎದುರಾಗುವುದು ಉತ್ತರ ಅಟ್ಲಾಂಟಿಕಿನ ಕೊರೆಯುವ ಚಳಿ. ಅಲ್ಲಿ ನೀರು ಒಳಸೇರದ 'ಡ್ರೈ ಸೂಟ್', ಅದರೊಳಗೆ ದಪ್ಪ ಬೆಚ್ಚನೆಯ ಉಡುಪು ಅನಿವಾರ್ಯ. ಅಷ್ಟೆಲ್ಲ ಗಾಳಿಯನ್ನು ಹಿಡಿದಿರುವ ಉಡುಪು ಮುಳುಗಲು ಹತ್ತು ಕಿಲೋಗೂ ಮೀರಿದ ನಿಲುಭಾರ ಬೇಡುತ್ತದೆ. ಹೇಗಿದ್ದರೂ ಸೀಸ ಹೊರಬೇಕಾದವನು ಅದರ ಬದಲು ಉಕ್ಕನ್ನು ಹೊತ್ತರೆ ಆ ಭಾರದಲ್ಲಿ ಗಾಳಿಯೂ ಹೆಚ್ಚಾಗಿ ಬರುತ್ತದೆ. ಅಲ್ಯೂಮಿನಿಯಂ ಜೋಡಿಯ ಬದಲು ಉಕ್ಕಿನ ಜೋಡಿ ಕಟ್ಟಿದವನು 6 ಕಿಲೋ ಸೀಸವನ್ನು ದಡದಲ್ಲೇ ಬಿಡಬಹುದು. ಅಲೆಯ ಮೇಲೆ ಓಲಾಡುವ ದೋಣಿಯಲ್ಲಿ, ಭುಜದ ಮೇಲೆ ನಲವತ್ತು ಐವತ್ತು ಕಿಲೋ ಹೊತ್ತು ನಿಲ್ಲಬೇಕಾದವನಿಗೆ ಆರು ಕಿಲೋ ಸಣ್ಣ ಮಾತಲ್ಲ. ಅಷ್ಟೇ ಅಲ್ಲದೆ, ಬೆನ್ನಿನ ತೇಲುಚೀಲ ಹರಿದುಹೋದರೂ ಡ್ರೈ ಸೂಟಿನೊಳಗೆ ಗಾಳಿ ತುಂಬಿ ಮೇಲೇರುವ ಎರಡನೆಯ ದಾರಿ ಅವನಿಗಿದೆ.

ಇನ್ನೊಂದು ಹಡಗು ನಮಗೆ ಹತ್ತಿರದ್ದು. ವಿಮಾನವಾಹಕವೆಂದೇ ಮೊದಲಿನಿಂದ ವಿನ್ಯಾಸಗೊಂಡ ಬ್ರಿಟಿಷ್ ನೌಕೆ ಹರ್ಮಿಸ್, 1942ರ ಏಪ್ರಿಲ್ 9ರಂದು ಜಪಾನಿನ ವಿಮಾನಗಳ ದಾಳಿಗೆ ಸಿಕ್ಕಿ ಶ್ರೀಲಂಕೆಯ ಮಟ್ಟಕ್ಕಳಪ್ಪಿನ ಹೊರಗಡಲಿನಲ್ಲಿ ಮುಳುಗಿತು. ಅದರ ಅಡಿಭಾಗ 50 ಮೀಟರಿಗಿಂತ ಸ್ವಲ್ಪ ಹೆಚ್ಚು ಆಳದಲ್ಲಿದೆ. ಡಿಕಂಪ್ರೆಷನ್ ಡೈವಿಂಗ್ ಮಾಡುವವರು ಅಲ್ಲಿಗೆ ದೂರದೂರದಿಂದ ಬರುತ್ತಾರೆ. ನೀರು ನಮ್ಮ ಕರಾವಳಿಯಂತೆಯೇ ಬೆಚ್ಚಗೆ. ಸಾಮಾನ್ಯ ರಬ್ಬರಿನ 'ವೆಟ್ ಸೂಟ್' ಸಾಕು. ಕಷ್ಟ ಇರುವುದು ಈ ವೆಟ್ ಸೂಟಿನಲ್ಲಿಯೇ. ಅದರ ರಬ್ಬರಿನೊಳಗಿನ ಸಣ್ಣ ಗಾಳಿಗುಳ್ಳೆಗಳು ನೀರಿನ ಮೇಲೆ 4 ಕಿಲೋ ತೇಲುಬಲ ಕೊಟ್ಟರೆ, 50 ಮೀಟರಿನ 6 ಬಾರ್ ಒತ್ತಡದಲ್ಲಿ ಹಿಂಡಿಹೋಗಿ ಒಂದು ಕಿಲೋ ಸಹ ಉಳಿಯುವುದಿಲ್ಲ.

ಈಗ ಅದೇ ಉಕ್ಕಿನ ಜೋಡಿಯನ್ನು ವೆಟ್ ಸೂಟಿನವನ ಬೆನ್ನಿಗೆ ಕಟ್ಟಿದರೆ ಏನಾಗುತ್ತದೆಂದು ಲೆಕ್ಕ ಹಾಕಬಹುದು. ಸಿಲಿಂಡರುಗಳ ಭಾರ 8.4 ಕಿಲೋ, ಬೆನ್ನಿನ ಲೋಹದ ಹಲಗೆ, ರೆಗ್ಯುಲೇಟರು, ಜೋಡಣೆಯ ಕೊಳವೆಗಳಿಗೆ 3 ಕಿಲೋ ಎಂದು ಹಿಡಿದರೆ ಒಟ್ಟು 11.4. ಸೂಟಿನ ಉಳಿದ ತೇಲುಬಲ ಕಳೆದರೂ ಹತ್ತೂವರೆ ಕಿಲೋಗೂ ಹೆಚ್ಚು ಭಾರ ಕೆಳಕ್ಕೆ ಎಳೆಯುತ್ತಿರುತ್ತದೆ. ತೇಲುಚೀಲ ಸರಿಯಾಗಿರುವವರೆಗೆ ಚಿಂತೆಯಿಲ್ಲ. ಅದು ಹರಿದರೆ, ಅಥವಾ ಅದರ ಕೊಳವೆ ಕಿತ್ತುಬಂದರೆ, ಕಾಲಿನ ರೆಕ್ಕೆಗಳ ಬಲದಿಂದ ಈ ಭಾರವನ್ನು 50 ಮೀಟರ್ ಮೇಲಕ್ಕೆ ಎತ್ತಿಕೊಂಡು ಈಜುವುದು ಗಟ್ಟಿಗರಿಗೂ ಅಸಾಧ್ಯ. ಕಳಚಿ ಎಸೆಯಲು ಸೀಸವೂ ಇಲ್ಲ, ಏಕೆಂದರೆ ಭಾರವೆಲ್ಲ ಉಸಿರಾಡುವ ಸಿಲಿಂಡರಿನಲ್ಲೇ ಇದೆ.

ಅಲ್ಯೂಮಿನಿಯಂ ಜೋಡಿಯವನು ಡೈವಿಂಗಿನ ಕೊನೆಯಲ್ಲಿ ತೇಲದಂತೆ ಸುಮಾರು 4 ಕಿಲೋ ಸೀಸ ಕಟ್ಟಿರಬೇಕಾಗುತ್ತದೆ. ಆಳದಲ್ಲಿ ಅವನ ಒಟ್ಟು ಭಾರ 8 ಕಿಲೋಗಿಂತ ಕಡಿಮೆ. ಸೀಸದ ಪಟ್ಟಿ ಬಿಚ್ಚಿ ಬಿಟ್ಟರೆ 4 ಕಿಲೋಗಿಂತ ಕಡಿಮೆ. ಇದನ್ನು ಎತ್ತಿಕೊಂಡು ಈಜಲು ಸಾಧ್ಯ. ಹಾಗೆ ಸೀಸ ಬಿಟ್ಟವನು 6 ಮೀಟರಿನ ತಂಗುವಿಕೆಯಲ್ಲಿ ಲಂಗರಿನ ಹಗ್ಗವನ್ನು ಬಿಗಿಯಾಗಿ ಹಿಡಿದು ಕಾಲ ಕಳೆಯಬೇಕಾಗುತ್ತದೆಂಬುದು ನಿಜ. ಆದರೆ ಹಗ್ಗ ಹಿಡಿಯಲು ಅವನು ಅಲ್ಲಿಯವರೆಗೆ ಬಂದಿರುತ್ತಾನೆ. ಬೆಚ್ಚನೆಯ ನೀರಿನಲ್ಲೂ ಉಕ್ಕೇ ಬೇಕೆನ್ನುವವರು ಎರಡು ಪದರದ ತೇಲುಚೀಲವನ್ನೋ ತೆಳುವಾದ ಡ್ರೈ ಸೂಟನ್ನೋ ಕೊಳ್ಳುತ್ತಾರೆ. ವೆಟ್ ಸೂಟು, ಒಂದೇ ತೇಲುಚೀಲ ಮತ್ತು ಉಕ್ಕಿನ ಜೋಡಿ ಈ ಮೂರೂ ಒಟ್ಟಿಗೆ ಕೂಡಬಾರದು.

ಉಕ್ಕಿನ ಪರವಾಗಿ ಹೇಳಬೇಕಾದುದು ಗಾಳಿಯ ಪ್ರಮಾಣ. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ 50 ಮೀಟರಿನಲ್ಲಿ 120 ಲೀಟರ್ ಬೇಕು; 25 ನಿಮಿಷಕ್ಕೆ 3,000 ಲೀಟರ್. ಅಲ್ಯೂಮಿನಿಯಂ ಜೋಡಿಯಲ್ಲಿರುವುದು ಸ್ಥೂಲವಾಗಿ 4,600 ಲೀಟರ್. ಮೂರನೆಯ ಒಂದು ಭಾಗವನ್ನು ಆಪತ್ತಿಗೆಂದು ಮುಟ್ಟದೆ ಉಳಿಸುವುದು ವಾಡಿಕೆಯಾದುದರಿಂದ ಬಳಕೆಗೆ ಸಿಗುವುದು 3,060. ಮೇಲೇರುವಾಗಿನ ಉಸಿರಿಗೆ ಏನೂ ಉಳಿಯದಷ್ಟು ಬಿಗಿಯಾದ ಲೆಕ್ಕವಿದು. ಉಕ್ಕಿನ ಜೋಡಿಯಲ್ಲಿ 5,560 ಲೀಟರ್ ಇದ್ದು, ಬಳಕೆಗೆ 3,700 ದೊರೆಯುತ್ತದೆ. ಆದರೆ ಇದು 232 ಬಾರ್ ತುಂಬಿಸಬಲ್ಲ ಕಂಪ್ರೆಸರು ಇರುವಲ್ಲಿ ಮಾತ್ರ. 200 ಬಾರಿಗೇ ನಿಲ್ಲುವ ಕಡೆ ಉಕ್ಕಿನ ಒಂದು ಸಿಲಿಂಡರಿಗೆ 2,400, ಅಲ್ಯೂಮಿನಿಯಮ್ಮಿಗೆ 2,220. ಹೆಚ್ಚಿನ ಬೆಲೆ ಕೊಟ್ಟದ್ದಕ್ಕೆ ತಕ್ಕ ಪ್ರಯೋಜನ ಉಳಿಯುವುದಿಲ್ಲ. ಗ್ರಾಹಕನ ಊರಿನಲ್ಲಿ ತುಂಬಿಸುವವರು ಯಾರು ಎಂಬುದನ್ನು ಮಾರುವವನು ಮೊದಲು ಕೇಳಿಕೊಳ್ಳುವುದು ಲೇಸು.

ಫ್ಲಾರಿಡಾದ ಗುಹೆಗಳಲ್ಲಿ ಈಜುವವರು ಇದಕ್ಕೆ ಬೇರೊಂದು ದಾರಿ ಹಿಡಿದಿದ್ದಾರೆ. ಅಲ್ಲಿ ಬಳಸುವ ದೊಡ್ಡ ಗಾತ್ರದ ಕಡಿಮೆ ಒತ್ತಡದ ಉಕ್ಕಿನ ಸಿಲಿಂಡರುಗಳ ಅನುಮತಿತ ಒತ್ತಡ ಚದರ ಅಂಗುಲಕ್ಕೆ 2,400 ಪೌಂಡ್. ಮುದ್ರೆಯಲ್ಲಿ '+' ಗುರುತಿದ್ದರೆ ಶೇಕಡಾ 10 ಹೆಚ್ಚು, ಅಂದರೆ 2,640. ಆದರೆ 3,600ರವರೆಗೆ ತುಂಬಿಸುವ ರೂಢಿ ಅಲ್ಲಿ ಬಹುಕಾಲದಿಂದ ನಡೆದುಬಂದಿದೆ. ಪರೀಕ್ಷಾ ಒತ್ತಡ 4,000 ಇರುವುದರಿಂದ ಅಪಾಯವಿಲ್ಲ ಎಂಬುದು ಅವರ ವಾದ. ಪರೀಕ್ಷೆಯ ಒತ್ತಡ ಐದು ವರ್ಷಕ್ಕೊಮ್ಮೆ ಕೆಲವು ಕ್ಷಣಗಳಿಗೆ, ಅದೂ ನೀರು ತುಂಬಿಸಿ ಕೊಡುವಂತಹುದು; ಪ್ರತಿವಾರ ಮನುಷ್ಯರ ಪಕ್ಕದಲ್ಲಿ ಗಾಳಿ ತುಂಬಿಸಿ ಕೊಡುವಂತಹುದಲ್ಲ. ಇದು ಅನುಕರಣೀಯವಲ್ಲ. ಅಲ್ಯೂಮಿನಿಯಮ್ಮಿನಲ್ಲಂತೂ ಇದನ್ನು ಯೋಚಿಸಲೂಬಾರದು, ಏಕೆಂದರೆ ಆ ಲೋಹದ ದಣಿವು ಪ್ರತಿ ಅತಿ-ತುಂಬುವಿಕೆಯೊಂದಿಗೆ ಬೇಗ ಬೆಳೆಯುತ್ತದೆ.

ಪಕ್ಕಕ್ಕೆ ತೂಗುಹಾಕುವ ಸಿಲಿಂಡರು

ಬೆನ್ನಿನ ಜೋಡಿಯ ಬಗ್ಗೆ ಇಷ್ಟು ವಾದವಿದ್ದರೂ, ತಂಗುವಿಕೆಯಲ್ಲಿ ಬಳಸುವ ಸಣ್ಣ ಸಿಲಿಂಡರಿನ ವಿಷಯದಲ್ಲಿ ಬಹುಮತ ಒಂದೇ ಕಡೆ ಇದೆ. ದೇಹದಿಂದ ಸಾರಜನಕ ಬೇಗ ಹೊರಹೋಗಲೆಂದು 21 ಮೀಟರಿನಿಂದ ಮೇಲೆ ಶೇಕಡಾ 50 ಆಮ್ಲಜನಕದ ಮಿಶ್ರಣವನ್ನು, 6 ಮೀಟರಿನಲ್ಲಿ ಶುದ್ಧ ಆಮ್ಲಜನಕವನ್ನು ಉಸಿರಾಡುತ್ತಾರೆ. ಇದಕ್ಕೆ ಬಳಸುವುದು '40 ಘನ ಅಡಿ'ಯ, 5.7 ಲೀಟರಿನ, ಸುಮಾರು 6.8 ಕಿಲೋ ತೂಗುವ ಅಲ್ಯೂಮಿನಿಯಂ ಸಿಲಿಂಡರು. 6 ಮೀಟರಿನಲ್ಲಿ 20 ನಿಮಿಷ ತಂಗಲು ಬೇಕಾದ ಆಮ್ಲಜನಕ 640 ಲೀಟರ್. ಇದರಲ್ಲಿ ಹಿಡಿಸುವುದು 1,100 ಲೀಟರಿಗೂ ಹೆಚ್ಚು. ರೆಗ್ಯುಲೇಟರು ಸಮೇತ ಇದು ತುಂಬಿದಾಗ ನೀರಿನಲ್ಲಿ ಹೆಚ್ಚೆಂದರೆ ಒಂದೂವರೆ ಕಿಲೋ ಭಾರ. ಬರಿದಾದಾಗ ಹೆಚ್ಚುಕಡಿಮೆ ತೂಕವೇ ಇಲ್ಲ. ದೇಹದ ಎಡಪಕ್ಕಕ್ಕೆ ಎರಡು ಕೊಕ್ಕೆಗಳಿಂದ ತೂಗುಹಾಕಿದರೂ ಮುಳುಗುಗಾರ ವಾಲುವುದಿಲ್ಲ; ಬೇಕಾದರೆ ಕಳಚಿ ಜೊತೆಗಾರನ ಕೈಗೆ ಕೊಡಬಹುದು. ಅದೇ ಜಾಗದಲ್ಲಿ ಉಕ್ಕನ್ನು ತೂಗುಹಾಕಿದರೆ ಅದು ಇಳಿಬಿದ್ದು ಒಂದು ಮಗ್ಗುಲಿಗೆ ಎಳೆಯುತ್ತಲೇ ಇರುತ್ತದೆ.

ಹೀಗಾಗಿ ಆಂಡ್ರಿಯಾ ಡೋರಿಯಾಕ್ಕೆ ಹೋಗುವವನ ಬೆನ್ನಿನ ಮೇಲೆ ಉಕ್ಕು, ಪಕ್ಕದಲ್ಲಿ ಅಲ್ಯೂಮಿನಿಯಂ. ಹರ್ಮಿಸ್‌ಗೆ ಹೋಗುವವನಿಗೆ ಎರಡೂ ಕಡೆ ಅಲ್ಯೂಮಿನಿಯಂ. ಪಕ್ಕದ ಸಿಲಿಂಡರಿನ ಮೇಲೆ ಬಳಸಬಹುದಾದ ಗರಿಷ್ಠ ಆಳವನ್ನು '6', '21' ಎಂದು ಅಂಗೈಯಗಲದ ಅಂಕಿಗಳಲ್ಲಿ ಅಂಟಿಸುವ ಪದ್ಧತಿಯಿದೆ. ಶುದ್ಧ ಆಮ್ಲಜನಕವನ್ನು ಆಳದಲ್ಲಿ ತಪ್ಪಿ ಉಸಿರಾಡಿದರೆ ಅಪಸ್ಮಾರದಂತಹ ಸೆಳವು ಬಂದು ಬಾಯಿಂದ ಕೊಳವೆ ಜಾರುತ್ತದೆ. ನೀರಿನಡಿ ಅದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ. ಸಿಲಿಂಡರಿನ ಬಣ್ಣವನ್ನು ನೋಡಿ ಅನಿಲವನ್ನು ಊಹಿಸುವ ಕೈಗಾರಿಕಾ ಅಭ್ಯಾಸವನ್ನು ಇಲ್ಲಿ ಯಾರೂ ನಂಬುವುದಿಲ್ಲ.

ತುಕ್ಕು ಮತ್ತು ಬಿಸಿ

ಉಕ್ಕಿನ ಶತ್ರು ತುಕ್ಕು. ಕಂಪ್ರೆಸರಿನ ಸೋಸುಕ ಹಳತಾಗಿ ತೇವ ಒಳಸೇರಿದರೆ ಗೋಡೆ ಒಳಗಿನಿಂದ ಸವೆಯುತ್ತದೆ. ಆಮ್ಲಜನಕ ಹೆಚ್ಚಿರುವ ಮಿಶ್ರಣದಲ್ಲಿ ಈ ಸವೆತ ಇನ್ನೂ ಬೇಗ. ಗೋಡೆ ತೆಳುವಾಗುವುದು ಎಲ್ಲರಿಗೂ ತಿಳಿದ ಅಪಾಯ. ಗಮನಕ್ಕೆ ಬಾರದ ಇನ್ನೊಂದು ಅಪಾಯವಿದೆ. ಕಬ್ಬಿಣ ತುಕ್ಕಾಗುವಾಗ ಒಳಗಿನ ಗಾಳಿಯ ಆಮ್ಲಜನಕವನ್ನೇ ಹೀರುತ್ತದೆ. 12 ಲೀಟರ್ ಸಿಲಿಂಡರಿನಲ್ಲಿ 10 ಬಾರ್ ಮಾತ್ರ ಗಾಳಿ ಉಳಿಸಿ ಒದ್ದೆಯಾಗಿಯೇ ಮೂಲೆಯಲ್ಲಿಟ್ಟರೆ, 25 ಗ್ರಾಂನಷ್ಟು ಕಬ್ಬಿಣ ತುಕ್ಕಾಗುವ ಹೊತ್ತಿಗೆ ಶೇಕಡಾ 21 ಇದ್ದ ಆಮ್ಲಜನಕ ಶೇಕಡಾ 15ಕ್ಕೆ ಇಳಿದಿರುತ್ತದೆ. ಒಂದು ಹಿಡಿ ತುಕ್ಕು ಅಷ್ಟೆ. ತಿಂಗಳುಗಟ್ಟಲೆ ಬಿದ್ದಿದ್ದ ಸಿಲಿಂಡರನ್ನು ಹಾಗೆಯೇ ಬಳಸದೆ ಬರಿದುಮಾಡಿ, ಒಳಗೆ ದೀಪ ಬಿಟ್ಟು ನೋಡಿ, ಹೊಸದಾಗಿ ತುಂಬಬೇಕೆನ್ನುವುದು ಇದಕ್ಕಾಗಿ. ಒಳ್ಳೆಯ ಸಂಗತಿಯೆಂದರೆ, ಮೇಲ್ಮೈ ತುಕ್ಕನ್ನು ಉಜ್ಜಿ ತೆಗೆದು ಪರೀಕ್ಷೆಗೆ ಒಡ್ಡಿದ ಉಕ್ಕಿನ ಸಿಲಿಂಡರು ಹಲವು ದಶಕ ಬಾಳುತ್ತದೆ.

ಅಲ್ಯೂಮಿನಿಯಂ ಹಾಗೆ ತುಕ್ಕು ಹಿಡಿಯುವುದಿಲ್ಲ. ಅದರ ಮೇಲ್ಮೈಯ ಆಕ್ಸೈಡು ಪದರವೇ ಅದಕ್ಕೆ ಕವಚ. ಆದರೆ ಉಪ್ಪುನೀರಿನಲ್ಲಿ ಹಿತ್ತಾಳೆ ವಾಲ್ವು ಅಥವಾ ಸ್ಟೇನ್‌ಲೆಸ್ ಪಟ್ಟಿ ತಗಲಿದ ಕಡೆ ಅದು ಕೊರೆದುಹೋಗುತ್ತದೆ. ವಾಲ್ವನ್ನು ವರ್ಷಕ್ಕೊಮ್ಮೆಯಾದರೂ ಬಿಚ್ಚದಿದ್ದರೆ ಅದು ಕುತ್ತಿಗೆಗೆ ಕಚ್ಚಿಕೊಳ್ಳುತ್ತದೆ. ಇದಕ್ಕಿಂತ ಗಂಭೀರವಾದುದು ಬಿಸಿ, ಮತ್ತು ಇಲ್ಲಿಯೇ ನಮ್ಮ ಸಣ್ಣ ಕೈಗಾರಿಕೆಗಳ ಪಾತ್ರ ಬರುತ್ತದೆ. ಸಿಲಿಂಡರಿಗೆ ಬಳಸುವ 6061 ಮಿಶ್ರಲೋಹವು ತನ್ನ ಬಲವನ್ನು ಪಡೆಯುವುದು ಸುಮಾರು 530 ಡಿಗ್ರಿಗೆ ಕಾಯಿಸಿ ನೀರಿನಲ್ಲಿ ಅದ್ದಿ, ಆ ಬಳಿಕ 175 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಟ್ಟು ಹದಗೊಳಿಸಿದಾಗ. ಆ ಮಟ್ಟವನ್ನು ಮೀರಿ ಮತ್ತೆ ಕಾಯಿಸಿದರೆ ಹದ ಕೆಡುತ್ತದೆ, ಲೋಹ ಮೆದುವಾಗುತ್ತದೆ, ಹೊರಗೆ ಏನೂ ಕಾಣದು. ಅಮೆರಿಕದ ನಿಯಮದ ಪ್ರಕಾರ 177 ಡಿಗ್ರಿ ಮೀರಿ ಕಾದ ಅಲ್ಯೂಮಿನಿಯಂ ಸಿಲಿಂಡರನ್ನು ಬಳಕೆಯಿಂದ ತೆಗೆಯಬೇಕು. ನಮ್ಮ ಕೈಗಾರಿಕಾ ವಸಾಹತುಗಳ ಪೌಡರ್ ಕೋಟಿಂಗ್ ಘಟಕಗಳಲ್ಲಿ ಬಣ್ಣವನ್ನು ಬೇಯಿಸುವುದು ಸಾಮಾನ್ಯವಾಗಿ 180ರಿಂದ 200 ಡಿಗ್ರಿಯಲ್ಲಿ. ಬಣ್ಣ ಮಾಸಿದ ಸಿಲಿಂಡರನ್ನು 'ಬೈಕಿನ ಚಕ್ರದಂತೆ ಹೊಳೆಯುವ ಹಾಗೆ ಮಾಡಿಕೊಡಿ' ಎಂದು ಯಾರಾದರೂ ತಂದರೆ, ಎಷ್ಟೇ ಹಣ ಕೊಟ್ಟರೂ ಆ ಕೆಲಸ ಒಪ್ಪಿಕೊಳ್ಳಲಾಗದು. ಒಮ್ಮೆ ಒಲೆಯೊಳಗೆ ಹೋಗಿ ಬಂದ ಅಲ್ಯೂಮಿನಿಯಂ ಸಿಲಿಂಡರು, 200 ಬಾರ್ ತುಂಬಿಸುವಾಗ ತುಂಬಿಸುವವನ ಮಗ್ಗುಲಲ್ಲೇ ಸಿಡಿಯಬಹುದು. ಉಕ್ಕನ್ನು ಹದಗೊಳಿಸುವುದು ಇದಕ್ಕಿಂತ ಬಹು ಹೆಚ್ಚಿನ ಉಷ್ಣತೆಯಲ್ಲಾದುದರಿಂದ ಈ ಒಲೆಯ ಬಿಸಿಗೆ ಅದರ ಬಲ ಕುಂದುವುದಿಲ್ಲ. ಆದರೂ ಪರೀಕ್ಷಾ ಕೇಂದ್ರದ ಅರಿವಿಗೆ ತಾರದೆ ಯಾವ ಸಿಲಿಂಡರನ್ನೂ ಬೇಯಿಸುವುದು ಸಲ್ಲದು.

ಹಳೆಯ ಸರಕು ಕೊಳ್ಳುವವರು ಗಮನಿಸಬೇಕಾದ ಇನ್ನೊಂದು ಅಂಶ ಮಿಶ್ರಲೋಹದ ಸಂಖ್ಯೆ. 6061ಕ್ಕೆ ಮೊದಲು ಬಳಕೆಯಲ್ಲಿದ್ದ 6351 ಮಿಶ್ರಲೋಹದ ಸಿಲಿಂಡರುಗಳಲ್ಲಿ, ಸದಾ ಒತ್ತಡದಲ್ಲಿದ್ದುದರ ಪರಿಣಾಮವಾಗಿ ಕುತ್ತಿಗೆಯ ಥ್ರೆಡ್ಡಿನಲ್ಲಿ ಕೂದಲೆಳೆಯ ಬಿರುಕು ಬೆಳೆಯುವುದು ಕಂಡುಬಂದಿತು. ಅಮೆರಿಕದಲ್ಲಿ ಆ ಲೋಹದಿಂದ ತಯಾರಿಕೆ ಬಹುಪಾಲು 1988ರ ವೇಳೆಗೆ ನಿಂತರೂ ಸಿಲಿಂಡರುಗಳು ಬಳಕೆಯಲ್ಲಿ ಉಳಿದವು. 2006ರಲ್ಲಿ ಅಲ್ಲಿನ ಸಾರಿಗೆ ಇಲಾಖೆ ಅವುಗಳಿಗೆ ಎಡ್ಡಿ ಕರೆಂಟ್ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಎಷ್ಟೋ ದೇಶಗಳ ತುಂಬುವ ಕೇಂದ್ರಗಳು ಅವನ್ನು ಮುಟ್ಟುವುದೇ ಇಲ್ಲ. ಅಗ್ಗವೆಂದು ಗುಜರಿಯ ಲೆಕ್ಕದಲ್ಲಿ ಬಂದ 1990ಕ್ಕೂ ಹಿಂದಿನ ಅಲ್ಯೂಮಿನಿಯಂ ಸಿಲಿಂಡರನ್ನು ಗುಜರಿಗೇ ಕಳುಹಿಸುವುದು ಕ್ಷೇಮ.

ಪರವಾನಗಿ, ಮುದ್ರೆ ಮತ್ತು ಥ್ರೆಡ್

ಭಾರತದಲ್ಲಿ ಸಿಲಿಂಡರಿನ ತಯಾರಿಕೆ, ಆಮದು, ಸಂಗ್ರಹ, ತುಂಬುವಿಕೆ ಎಲ್ಲವೂ 1884ರ ಸ್ಫೋಟಕಗಳ ಅಧಿನಿಯಮದಡಿಯ ಅನಿಲ ಸಿಲಿಂಡರು ನಿಯಮಗಳಿಗೆ ಒಳಪಟ್ಟಿವೆ. 2004ರ ನಿಯಮಗಳ ಜಾಗದಲ್ಲಿ 2016ರಲ್ಲಿ ಹೊಸವು ಬಂದಿವೆ. ಅನುಮೋದನೆ ನೀಡುವುದು ನಾಗಪುರದಲ್ಲಿ ಕೇಂದ್ರ ಕಚೇರಿ ಹೊಂದಿರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ. ವಿದೇಶದಲ್ಲಿ ಯಾವ ಮುದ್ರೆ ಬಿದ್ದಿದ್ದರೂ ಇಲ್ಲಿನ ಅನುಮೋದನೆಯಿಲ್ಲದ ಸಿಲಿಂಡರು ಬಂದರಿನಲ್ಲೇ ಉಳಿಯಬಹುದು. ಸಾಮಾನು ಹಡಗು ಹತ್ತುವ ಮುನ್ನ ಕಾಗದಪತ್ರ ಮುಗಿಸಿಕೊಳ್ಳದೆ ಮುಂಗಡ ಕೊಡುವುದು ಜಾಣತನವಲ್ಲ.

ಭುಜದ ಮೇಲಿನ ಮುದ್ರೆಗಳನ್ನು ಓದಲು ಕಲಿಯುವುದು ಕಷ್ಟದ ಕೆಲಸವೇನಲ್ಲ. ಅಮೆರಿಕದ ಸರಕಿನಲ್ಲಿ '3ಎಎಲ್' ಎಂದರೆ ಅಲ್ಯೂಮಿನಿಯಂ, '3ಎಎ' ಎಂದರೆ ಉಕ್ಕು; ಜೊತೆಗೆ ಕಾರ್ಯ ಒತ್ತಡ, ಕ್ರಮಸಂಖ್ಯೆ, ಪರೀಕ್ಷೆಯ ತಿಂಗಳು ಮತ್ತು ವರ್ಷ ಇರುತ್ತವೆ. ಅಲ್ಲಿ ಐದು ವರ್ಷಕ್ಕೊಮ್ಮೆ ಕಾರ್ಯ ಒತ್ತಡದ ಮೂರನೆಯ ಐದು ಪಟ್ಟಿಗೆ, ಅಂದರೆ 207 ಬಾರಿನದನ್ನು 345 ಬಾರಿಗೆ ನೀರಿನಿಂದ ಪರೀಕ್ಷಿಸುತ್ತಾರೆ.

ಥ್ರೆಡ್ಡಿನ ಮುದ್ರೆಯನ್ನು ಓದದಿದ್ದರೆ ಆಗುವ ಹಾನಿ ತಕ್ಷಣದ್ದು. ಅಮೆರಿಕದ ಸಿಲಿಂಡರುಗಳಲ್ಲಿ ಮುಕ್ಕಾಲು ಅಂಗುಲದ, ಅಂಗುಲಕ್ಕೆ 14 ಸುತ್ತಿನ ಥ್ರೆಡ್ ಇದ್ದರೆ ಯುರೋಪಿನವುಗಳಲ್ಲಿ 25 ಮಿಲಿಮೀಟರ್ ವ್ಯಾಸದ, 2 ಮಿಲಿಮೀಟರ್ ಅಂತರದ ಮೆಟ್ರಿಕ್ ಥ್ರೆಡ್ ಇರುತ್ತದೆ. ನೋಟಕ್ಕೆ ಎರಡೂ ಒಂದೇ. 'ಮುಕ್ಕಾಲು ಅಂಗುಲ' ಎಂಬ ಹೆಸರು ಪೈಪಿನ ಲೆಕ್ಕದ್ದಾದುದರಿಂದ ಅದರ ನಿಜವಾದ ವ್ಯಾಸ 26 ಮಿಲಿಮೀಟರಿಗೂ ಸ್ವಲ್ಪ ಹೆಚ್ಚು. ಹೀಗಾಗಿ ಯುರೋಪಿನ ವಾಲ್ವು ಅಮೆರಿಕದ ಸಿಲಿಂಡರಿನೊಳಗೆ ಸಡಿಲವಾಗಿಯಾದರೂ ಇಳಿಯುತ್ತದೆ. ಕಡಿಮೆ ಒತ್ತಡದಲ್ಲಿ ಸೋರದೆ ನಿಲ್ಲಲೂಬಹುದು. ನೂರು, ನೂರೈವತ್ತು ಬಾರ್ ದಾಟಿದಾಗ ಥ್ರೆಡ್ ಕಿತ್ತು ಗುಂಡಿನಂತೆ ಹಾರುತ್ತದೆ. ಎರಡೂ ಕಡೆಯ ಸರಕು ಒಂದೇ ಕಪಾಟಿನಲ್ಲಿರುವ ಅಂಗಡಿಗಳಲ್ಲಿ ವಾಲ್ವುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟು, ಜೋಡಿಸುವ ಮುನ್ನ ವಾಲ್ವಿನ ಮೇಲಿನ ಮುದ್ರೆಯನ್ನೂ ಸಿಲಿಂಡರಿನ ಮುದ್ರೆಯನ್ನೂ ಗಟ್ಟಿಯಾಗಿ ಓದಿ ತಾಳೆ ನೋಡುವ ಪದ್ಧತಿ ಇರಬೇಕು. ಮುದ್ರೆ ಅಳಿಸಿಹೋಗಿದ್ದರೆ ಗೇಜಿನಿಂದ ಅಳೆಯಬೇಕು. ಗೇಜು ಇಲ್ಲದ ಕಡೆ ಆ ಸಿಲಿಂಡರನ್ನು ಕಂಪ್ರೆಸರಿಗೆ ಜೋಡಿಸದೆ ಹಿಂದಿರುಗಿಸಬೇಕು.